ಪ್ರತ್ಯೇಕ ಅಂತರ್ಜಾಲ ಮಾರ್ಗ: ಯಾರಿಗೆ ಬೇಕು, ಯಾವ ಕರಾರಿನ ಮೇಲೆ?

ಶರಣರು ಕಾಯಕಕ್ಕೆ ಕೊಟ್ಟ ಘನತೆಯನ್ನು ಕುರಿತು ಉಪನ್ಯಾಸಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಕಾಯಕದ ಸಲಕರಣೆಯನ್ನು ಆರಿಸುವಾಗ ಇರಬೇಕಾದ ಎಚ್ಚರದ ಬಗೆಗೆ ಮಾತ್ರ ಮಾತು ಕಡಿಮೆ. ನೇಕಾರನಿಗೆ ಮಗ್ಗ ಹೇಗೋ, ಇಂದಿನ ವರ್ತಕನಿಗೆ ಅಂತರ್ಜಾಲ ಸಂಪರ್ಕ ಹಾಗೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ನೋಡಿರಿ. ಅಲ್ಲಿ ಖರೀದಿದಾರರು ಗಣಕಯಂತ್ರದ ಮೂಲಕ ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ೨೦೧೪ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಜಾರಿಗೆ ಬಂದ ಮೇಲೆ ಈ ಪದ್ಧತಿ ರಾಜ್ಯದ ಅನೇಕ ಮಾರುಕಟ್ಟೆಗಳಿಗೆ ಹಬ್ಬಿತು. ೨೦೧೮ರ ಏಪ್ರಿಲ್ ೧ರಿಂದ, ಐವತ್ತು ಸಾವಿರ ರೂಪಾಯಿ ಮೀರಿದ ಸರಕು ರಾಜ್ಯದ ಗಡಿ ದಾಟಬೇಕಾದರೆ ಇ-ವೇ ಬಿಲ್ ಇರಬೇಕೆಂಬ ನಿಯಮವೂ ಬಂದಿತು. ಟೆಂಡರಿನ ವೇಳೆ ಮುಗಿಯುವ ಹೊತ್ತಿಗೆ ಸಂಪರ್ಕ ಕಡಿದರೆ ಖರೀದಿದಾರನಿಗೆ ಮಾಲು ತಪ್ಪುತ್ತದೆ. ಅಷ್ಟೇ ಅಲ್ಲ, ವರ್ಷದ ಬೆಳೆಯನ್ನು ಚೀಲದಲ್ಲಿಟ್ಟು ಕುಳಿತ ರೈತನಿಗೆ ಒಬ್ಬ ಸವಾಲುಗಾರ ಕಡಿಮೆಯಾಗುತ್ತಾನೆ.

ಇಂಥ ಪೇಚಿಗೆ ಸಿಕ್ಕವರ ಅಂಗಡಿಗೆ ಕಂಪನಿಯ ಪ್ರತಿನಿಧಿ ಬಂದು, “ಲೀಸ್ಡ್ ಲೈನ್ ಹಾಕಿಸಿಕೊಳ್ಳಿರಿ” ಎನ್ನುತ್ತಾನೆ. ಅದರ ಬಾಡಿಗೆ ಸಾಮಾನ್ಯ ಸಂಪರ್ಕದ ಬಾಡಿಗೆಯ ಹಲವು ಪಟ್ಟು. ಅದರ ಮೇಲೆ ಶೇ. ೧೮ರ ತೆರಿಗೆ ಬೇರೆ. ಹೂಂ ಎನ್ನುವ ಮೊದಲು ಆ ಹಣಕ್ಕೆ ದೊರೆಯುವುದೇನು ಎಂಬುದನ್ನು ತಿಳಿಯಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಸಂಗತಿ ನಮ್ಮವರಿಗೆ ಹೊಸದಲ್ಲ. ಗಂಗಾವತಿಯ ಸುತ್ತ ಭತ್ತದ ಗದ್ದೆಗಳು ತುಂಬಿ ನಿಂತಾಗಲೂ ಕೊನೆಯ ಭಾಗದ ರೈತ ನೀರಿಗಾಗಿ ದಾರಿ ಕಾಯುತ್ತಾನೆ. ಸಾಮಾನ್ಯ ಬ್ರಾಡ್‌ಬ್ಯಾಂಡ್ ಕೂಡ ಹಂಚಿಕೊಂಡ ಕಾಲುವೆಯೇ. ಕಂಪನಿಯ ಕೇಂದ್ರದಿಂದ ಹೊರಟ ಒಂದು ಗಾಜಿನ ಎಳೆ ದಾರಿಯಲ್ಲಿ ೩೨ ಅಥವಾ ೬೪ ಮನೆಗಳಿಗೆ ಕವಲೊಡೆಯುತ್ತದೆ. ಬಹುವಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಅಷ್ಟೂ ಮನೆಗಳಿಗೆ ಸೇರಿ ಒಳಬರುವ ಮಾಹಿತಿಗೆ ಸೆಕೆಂಡಿಗೆ ಸುಮಾರು ೨.೫ ಗಿಗಾಬಿಟ್, ಹೊರಹೋಗುವುದಕ್ಕೆ ಅದರ ಅರ್ಧ. ಸಂಜೆ ಎಲ್ಲ ಮನೆಗಳಲ್ಲಿ ಚಲನಚಿತ್ರ ಆರಂಭವಾದಾಗ ಅಂಗಡಿಯ ಪಾಲು ತಗ್ಗಬಹುದು. ಜಾಹೀರಾತಿನಲ್ಲಿ ‘ನೂರು ಮೆಗಾಬಿಟ್ ವರೆಗೆ’ ಎಂದಿರುತ್ತದೆ. ವ್ಯಾಕರಣ ಓದಿದವರಿಗೆ ಗೊತ್ತು: ‘ವರೆಗೆ’ ಎಂಬುದು ಮೇಲಿನ ಎಲ್ಲೆಯನ್ನು ಹೇಳುತ್ತದೆ, ಕೆಳಗಿನ ಎಲ್ಲೆಯನ್ನಲ್ಲ! ಬಿಟ್ ಬೇರೆ, ಬೈಟ್ ಬೇರೆ ಎಂಬುದನ್ನೂ ಮರೆಯಬಾರದು. ಎಂಟು ಬಿಟ್ ಕೂಡಿದರೆ ಒಂದು ಬೈಟ್. ನೂರು ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ.

ಪ್ರತ್ಯೇಕ ಮಾರ್ಗದಲ್ಲಿ ಕಂಪನಿಯ ಕೇಂದ್ರದವರೆಗೆ ನಿಮ್ಮ ಪಾಲು ನಿಮ್ಮದೇ. ಬರುವ ವೇಗ, ಹೋಗುವ ವೇಗ ಎರಡೂ ಸಮ. ಬದಲಾಗದ ವಿಳಾಸ ಸಂಖ್ಯೆಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ೧೯೮೫ರಲ್ಲಿ ಬೆಂಗಳೂರಿಗೆ ಬಂದಾಗ ತನ್ನದೇ ಉಪಗ್ರಹ ಸಂಪರ್ಕವನ್ನು ಏರ್ಪಡಿಸಿಕೊಂಡದ್ದು ಇಂಥ ಅಗತ್ಯಕ್ಕಾಗಿಯೇ. ಇಲ್ಲಿ ಸಿದ್ಧವಾದ ಕೆಲಸ ತಡೆಯಿಲ್ಲದೆ ಹೊರದೇಶಕ್ಕೆ ತಲುಪಬೇಕಾಗಿತ್ತು. ಶಾಖೆಗಳ ಲೆಕ್ಕವನ್ನು ಒಂದೆಡೆ ಇಟ್ಟಿರುವ ಪತ್ತಿನ ಸಹಕಾರಿ, ನೂರಾರು ವಿದ್ಯಾರ್ಥಿಗಳಿಗೆ ಏಕಕಾಲಕ್ಕೆ ಗಣಕಪರೀಕ್ಷೆ ನಡೆಸುವ ಕಾಲೇಜು, ರೋಗಿಯ ಸ್ಕ್ಯಾನ್ ಚಿತ್ರಗಳನ್ನು ದೂರದ ವೈದ್ಯರಿಗೆ ಕಳುಹಿಸುವ ಆಸ್ಪತ್ರೆ, ಇಂಥವರು ಈ ವೆಚ್ಚವನ್ನು ಯೋಚಿಸಬೇಕಾದವರು. ಎರಡು ಗಣಕಯಂತ್ರಗಳ ದಲಾಲಿ ಅಂಗಡಿಗೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ದರ ನಮೂದಿಸಲು, ಇ-ವೇ ಬಿಲ್ ತೆಗೆಯಲು ಬೇಕಾಗುವ ವೇಗ ಅತ್ಯಲ್ಪ. ಅವರಿಗೆ ಬೇಕಾದುದು ಮೊದಲ ದಾರಿ ಮುಚ್ಚಿದಾಗ ತೆರೆಯುವ ಎರಡನೆಯ ದಾರಿ.

ಆ ಎರಡನೆಯ ದಾರಿಯ ವಿಷಯದಲ್ಲೂ ಮೋಸ ಹೋಗುವುದುಂಟು. ಬೇರೆ ಬೇರೆ ಕಂಪನಿಗಳ ಎರಡು ತಂತಿಗಳು ಒಂದೇ ಕಂಬದ ಮೇಲೆ ಅಥವಾ ಒಂದೇ ಚರಂಡಿಯ ಪಕ್ಕದಲ್ಲಿ ಬಂದಿದ್ದರೆ ಜೆ.ಸಿ.ಬಿ.ಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಆದುದರಿಂದ ಕಂಪನಿಯ ಹೆಸರು ಕೇಳಿದರೆ ಸಾಲದು, ತಂತಿ ಬರುವ ಹಾದಿಯನ್ನು ನಡೆದು ನೋಡಬೇಕು. ಒಂದು ನೆಲದ ತಂತಿ, ಇನ್ನೊಂದು ಮೊಬೈಲ್ ಗೋಪುರದ ಸಂಪರ್ಕ ಇದ್ದರೆ ಸಣ್ಣ ವ್ಯಾಪಾರಕ್ಕೆ ಬಹಳಮಟ್ಟಿಗೆ ಸಾಕು.

ಪ್ರತ್ಯೇಕ ಮಾರ್ಗವೇ ಬೇಕೆಂದು ನಿಶ್ಚಯಿಸಿದವರು ಕರಾರುಪತ್ರವನ್ನು ಅಕ್ಷರ ಬಿಡದೆ ಓದಬೇಕು. ವಾಸ್ತವವಾಗಿ ಹೆಚ್ಚಿನ ಹಣ ಸಲ್ಲುವುದು ವೇಗಕ್ಕಿಂತ ಮಿಗಿಲಾಗಿ ಈ ಲಿಖಿತ ಹೊಣೆಗಾರಿಕೆಗೆ. ಶೇ. ೯೯ರಷ್ಟು ಕಾಲ ಸಂಪರ್ಕವಿರುತ್ತದೆ ಎಂದರೆ ಕೇಳಲು ಸೊಗಸು. ಮೂವತ್ತು ದಿನಗಳ ತಿಂಗಳಿಗೆ ೭೨೦ ಗಂಟೆ. ಅದರಲ್ಲಿ ಏಳು ಗಂಟೆ ಹನ್ನೆರಡು ನಿಮಿಷ ಸಂಪರ್ಕ ಇಲ್ಲದಿದ್ದರೂ ಮಾತು ತಪ್ಪಿದಂತಾಗದು. ಶೇ. ೯೯.೫ ಎಂದರೆ ಮೂರು ಗಂಟೆ ಮೂವತ್ತಾರು ನಿಮಿಷ. ಶೇ. ೯೯.೯ ಎಂದರೆ ನಲವತ್ಮೂರು ನಿಮಿಷ. ಲೆಕ್ಕ ತಿಂಗಳಿಗೋ ವರ್ಷಕ್ಕೋ ಎಂಬುದನ್ನೂ ಬರೆಸಬೇಕು. ವರ್ಷದ ಸರಾಸರಿಯಾದರೆ ಒಂದೇ ದಿನದ ದೀರ್ಘ ಕಡಿತ ಅದರಲ್ಲಿ ಮರೆಯಾಗಿ ಹೋಗುತ್ತದೆ.

‘ನಾಲ್ಕು ಗಂಟೆಯೊಳಗೆ ಸ್ಪಂದನ’ ಎಂಬ ಮಾತಿಗೂ ‘ನಾಲ್ಕು ಗಂಟೆಯೊಳಗೆ ದುರಸ್ತಿ’ ಎಂಬ ಮಾತಿಗೂ ಬಹಳ ಅಂತರವಿದೆ. ದೂರವಾಣಿ ಎತ್ತಿ “ದೂರು ಬಂದಿದೆ” ಎಂದರೂ ಸ್ಪಂದನವೇ. ಮಾತು ತಪ್ಪಿದಾಗ ಕಂಪನಿ ಕೊಡುವುದು ಸಾಮಾನ್ಯವಾಗಿ ಬಾಡಿಗೆಯಲ್ಲಿ ಒಂದಿಷ್ಟು ಕಡಿತ. ಕೆಟ್ಟುಹೋದ ವ್ಯಾಪಾರದ ನಷ್ಟವನ್ನಲ್ಲ. ತಂತಿ ಎಳೆಯುವ ಖರ್ಚು ಯಾರದು, ಎಷ್ಟು ವಾರಗಳಲ್ಲಿ ಕೆಲಸ ಮುಗಿಯುತ್ತದೆ, ಅವಧಿಗೆ ಮುನ್ನ ಬಿಟ್ಟರೆ ದಂಡವೆಷ್ಟು ಎಂಬವೂ ಪತ್ರದಲ್ಲಿ ಇರಲಿ. ಜಿ.ಎಸ್.ಟಿ. ನೋಂದಣಿ ಇದ್ದವರು ಕಟ್ಟಿದ ತೆರಿಗೆಯ ಜಮಾ ಪಡೆಯುವ ಬಗೆಯನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಲಿ.

ಇಷ್ಟಕ್ಕೆಲ್ಲ ಮುನ್ನ ಮಾಡಬೇಕಾದ, ಖರ್ಚಿಲ್ಲದ ಕೆಲಸ ಒಂದಿದೆ. ಖಾತೆ ಪುಸ್ತಕದ ಪಕ್ಕದಲ್ಲಿ ಒಂದು ಹಾಳೆ ಇಟ್ಟು, ಈಗಿರುವ ಸಂಪರ್ಕ ಯಾವ ದಿನ ಯಾವ ಹೊತ್ತಿಗೆ ಕಡಿಯಿತು, ಎಷ್ಟು ನಿಮಿಷಕ್ಕೆ ಮರಳಿತು, ಆಗ ವಿದ್ಯುತ್ತು ಇತ್ತೇ ಎಂಬುದನ್ನು ಒಂದು ತಿಂಗಳು ಬರೆಯಿರಿ. ಸಂಪರ್ಕ ಕಡಿದ ವೇಳೆಯೂ ವಿದ್ಯುತ್ತು ಹೋದ ವೇಳೆಯೂ ಒಂದೇ ಆಗಿದ್ದರೆ ಬೇಕಾದುದು ಹೊಸ ತಂತಿಯಲ್ಲ, ರೂಟರಿಗೆ ಒಂದು ಸಣ್ಣ ಯು.ಪಿ.ಎಸ್.