ಗಿರಾಕಿಯ ಇಷ್ಟ, ನಮ್ಮ ಮಕ್ಕಳ ಕೆಲಸ

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತಿದ್ದೇವೆ. ನಮ್ಮ ಊರ ಕಡೆ ಉಸ್ತಾದ್ ಅನ್ನುತ್ತಾರೆ, ಇಲ್ಲಿನವರಿಗೆ ನಾವು ಹಜರತ್. ಮೊನ್ನೆ ಅಸರ್ ನಮಾಝ್ ಮುಗಿದ ಮೇಲೆ ಒಬ್ಬ ತಂದೆ ಬಂದು ಕುಳಿತರು. ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾಳೆ, ತಲೆಗೆ ಸ್ಕಾರ್ಫ್ ಹಾಕುತ್ತಾಳೆ.

"ಹಜರತ್, ಬೆಂಗಳೂರಿನ ಕಂಪೆನಿಯವ್ರು ಕೆಲಸ ಕೊಡ್ತೀವಿ ಅಂದಿದ್ರು. ಆಮ್ಯಾಲೆ ಕ್ಲೈಂಟ್ ಒಪ್ಪಲಿಲ್ಲ ಅಂತ ಬಿಟ್ರು. ಈ ಕ್ಲೈಂಟ್ ಅಂದ್ರ ಯಾರ್ರೀ?"

ಕಾರಣವನ್ನು ಯಾರೂ ಹೇಳಲಿಲ್ಲ. ಸ್ಕಾರ್ಫಿನಿಂದ ಹೋಯಿತೋ, ಉತ್ತರ ತಪ್ಪಿದ್ದರಿಂದ ಹೋಯಿತೋ ಆ ಹುಡುಗಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ಆದರೆ ಪ್ರಶ್ನೆ ನಮ್ಮ ಎಷ್ಟೋ ಮನೆಗಳದ್ದು.

ಅವರಿಗೆ ನಾವು ಮೇಸ್ತ್ರಿಯ ಉದಾಹರಣೆ ಕೊಟ್ಟೆವು. ಮನೆ ಕಟ್ಟುವಾಗ ಆಳುಗಳನ್ನು ಕರೆತರುವವನು ಮೇಸ್ತ್ರಿ, ದುಡ್ಡು ಕೊಡುವವನು ಮನೆ ಯಜಮಾನ. "ನಾಳೆಯಿಂದ ಆ ಹುಡುಗ ಬೇಡ" ಎಂದು ಯಜಮಾನ ಅಂದರೆ ಮೇಸ್ತ್ರಿ ವಾದ ಮಾಡುವುದಿಲ್ಲ. ಕನ್ಸಲ್ಟಿಂಗ್ ಕಂಪೆನಿಯೂ ಹಾಗೆಯೇ. ಅದು ಸಾಮಾನು ಮಾರುವುದಿಲ್ಲ, ಕೆಲಸ ಬಲ್ಲವರ ಸಮಯವನ್ನು ಮಾರುತ್ತದೆ. ಎಷ್ಟೋ ಕಡೆ ಅಭ್ಯರ್ಥಿಯ ಬಯೋಡೇಟಾ ಮೊದಲು ಕ್ಲೈಂಟ್ ಹತ್ತಿರ ಹೋಗುತ್ತದೆ, ಕ್ಲೈಂಟೇ ವೀಡಿಯೊ ಕರೆಯಲ್ಲಿ ಸಂದರ್ಶನ ಮಾಡುತ್ತಾನೆ. ಒಳಗೆ ಸೇರಿದ ಮೇಲೂ ಯಾವ ಕ್ಲೈಂಟೂ ಕರೆಯದಿದ್ದರೆ 'ಬೆಂಚ್' ಮೇಲೆ ಕೂರಬೇಕು. ಬಹಳ ದಿನ ಕೂತರೆ ಕೆಲಸಕ್ಕೇ ಸಂಚಕಾರ.

ಕ್ಲೈಂಟ್ ಅಭಿಪ್ರಾಯ ಕೇಳುವುದೇ ತಪ್ಪಲ್ಲ. ಮದ್‌ಯನ್‌ನಲ್ಲಿ ಮೂಸಾ ನಬಿ (ಅ)ಯವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ತಂದೆಗೆ ಸಲಹೆ ಕೊಟ್ಟವಳು ಮಗಳು. ಅವಳು ಹೇಳಿದ ಕಾರಣ ಎರಡೇ: ಶಕ್ತಿ ಮತ್ತು ನಂಬಿಕೆ. ಯೂಸುಫ್ ನಬಿ (ಅ)ಯವರು ಈಜಿಪ್ಟಿನ ಖಜಾನೆಯ ಹೊಣೆ ಕೇಳಿದಾಗ ಮುಂದಿಟ್ಟದ್ದೂ ಕಾಪಾಡುವ ಗುಣ ಮತ್ತು ತಿಳಿವಳಿಕೆಯನ್ನು. ಕೆಲಸದ ಬಗ್ಗೆ ಅಭಿಪ್ರಾಯ ಬೇರೆ, ಕೆಲಸಗಾರನ ಹೆಸರು, ಬಟ್ಟೆ, ಧರ್ಮದ ಬಗ್ಗೆ ಅಭಿಪ್ರಾಯ ಬೇರೆ.

ಈ ವ್ಯತ್ಯಾಸ ಫ್ರಾನ್ಸಿನಲ್ಲಿ ಕೋರ್ಟಿಗೇ ಹೋಯಿತು. ಅಸ್ಮಾ ಬುಗ್ನಾವಿ ಎಂಬ ಇಂಜಿನಿಯರ್ 2008ರ ಜುಲೈಯಲ್ಲಿ ಮೈಕ್ರೊಪೋಲ್ ಎಂಬ ಐಟಿ ಕನ್ಸಲ್ಟಿಂಗ್ ಕಂಪೆನಿ ಸೇರಿದರು. ಟುಲೂಸ್ ನಗರದ ಕ್ಲೈಂಟ್ ಒಬ್ಬರ ಬಳಿ ಕೆಲಸ ಮಾಡಿ ಬಂದ ಮೇಲೆ, ಅವರ ಶಿರವಸ್ತ್ರದಿಂದ ತಮ್ಮ ಕೆಲವು ನೌಕರರಿಗೆ ಮುಜುಗರವಾಯಿತು, ಮುಂದಿನ ಸಲ ಅದು ಬೇಡ ಎಂದು ಆ ಕ್ಲೈಂಟ್ ಹೇಳಿತು. ಅಸ್ಮಾ ಒಪ್ಪಲಿಲ್ಲ. 2009ರ ಜೂನ್‌ನಲ್ಲಿ ಕೆಲಸ ಹೋಯಿತು. ಪ್ಯಾರಿಸಿನ ಕೋರ್ಟುಗಳಲ್ಲಿ ಸೋತರೂ ಅವರು ಬಿಡಲಿಲ್ಲ. 2017ರ ಮಾರ್ಚ್ 14ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಕ್ಲೈಂಟ್‌ನ ಇಂಥ ಇಷ್ಟಾನಿಷ್ಟವನ್ನು ಆ ಕೆಲಸಕ್ಕೆ ಬೇಕಾದ ಅರ್ಹತೆ ಎಂದು ಎಣಿಸಲಾಗದು ಅಂದಿತು. ಅದೇ ನವೆಂಬರಿನಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ಪ್ಯಾರಿಸ್ ತೀರ್ಪನ್ನು ರದ್ದು ಮಾಡಿತು.

ಇದು ಪೂರ್ತಿ ಗೆಲುವೂ ಅಲ್ಲ. ಎಲ್ಲ ಧರ್ಮದ ಗುರುತುಗಳಿಗೂ ಒಂದೇ ನಿಯಮ ಮಾಡಿ ಎಲ್ಲರಿಗೂ ಸಮನಾಗಿ ಅನ್ವಯಿಸಿದರೆ ಅದು ನೇರ ತಾರತಮ್ಯವಲ್ಲ ಎಂದು ಅದೇ ದಿನ, ಬೆಲ್ಜಿಯಂನ ಇನ್ನೊಂದು ಪ್ರಕರಣದಲ್ಲಿ, ಅದೇ ನ್ಯಾಯಾಲಯ ಹೇಳಿತು.

ಅಮೆರಿಕದಲ್ಲೂ ಹಳೆಯ ಕೇಸೊಂದಿದೆ. ಪ್ರಯಾಣಿಕರಿಗೆ ಗಗನಸಖಿಯರೇ ಇಷ್ಟ ಎಂದು ಪ್ಯಾನ್ ಆಮ್ ವಿಮಾನ ಕಂಪೆನಿ ಗಂಡಸರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನೆಪವನ್ನು ತಳ್ಳಿಹಾಕಿತು.

ನಮ್ಮಲ್ಲಿ? ಸಂವಿಧಾನದ 16ನೇ ವಿಧಿ ಕಾಪಾಡುವುದು ಸರಕಾರಿ ಉದ್ಯೋಗದಲ್ಲಿ. ಖಾಸಗಿ ನೇಮಕಾತಿಯಲ್ಲಿ ಧರ್ಮದ ತಾರತಮ್ಯ ತಡೆಯಲೆಂದೇ ಇರುವ ಕೇಂದ್ರ ಕಾನೂನು ಇಲ್ಲ. ಹಾಗಾಗಿ ಮಕ್ಕಳು ತಾವೇ ಎಚ್ಚರ ವಹಿಸಬೇಕು. ಕ್ಲೈಂಟ್ ಸಂದರ್ಶನ ಇದೆಯಾ ಎಂದು ಮೊದಲೇ ಕೇಳಲಿ. ಆಫರ್ ಲೆಟರ್ ಕೈಗೆ ಬರುವವರೆಗೆ ಬೇರೆ ಅವಕಾಶ ಬಿಡದಿರಲಿ. ಬೇಡ ಅಂದರೆ ಕಾರಣವನ್ನು ಇಮೇಲಿನಲ್ಲಿ ಮರ್ಯಾದೆಯಿಂದ ಕೇಳಲಿ. ಎಷ್ಟೋ ದೊಡ್ಡ ಕಂಪೆನಿಗಳಲ್ಲಿ ತಾರತಮ್ಯ ಮಾಡುವುದಿಲ್ಲ ಎಂಬ ಲಿಖಿತ ನಿಯಮ ಇರುತ್ತದೆ, ದೂರು ಕೊಡುವ ದಾರಿಯೂ ಇರುತ್ತದೆ. ಜೊತೆಗೆ, ಪ್ರತಿ ನಿರಾಕರಣೆಗೂ ಧರ್ಮವೇ ಕಾರಣ ಎಂದುಕೊಳ್ಳುವುದು ಬೇಡ. ಉತ್ತರ ತಪ್ಪಿದ್ದರೆ ತಿದ್ದಿಕೊಳ್ಳಬೇಕಲ್ಲ.

ಒಂದು ಮಾತು ನಮಗೇ. ಹೋಟೆಲ್, ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್ ನಡೆಸುವವರು ನಮ್ಮಲ್ಲಿ ಎಷ್ಟು ಜನ! ಕಪ್ಪಗಿದ್ದಾನೆ, ಬೇರೆ ಜಾತಿಯವನು, ಕಾಲು ಕುಂಟುತ್ತದೆ, "ಗಿರಾಕಿಗಳಿಗೆ ಸರಿ ಆಗ್ಲಿಕ್ಕಿಲ್ಲ" ಎಂದು ನಾವು ಯಾರನ್ನೂ ವಾಪಸ್ ಕಳಿಸಿಲ್ಲವೇ? ಬೆಂಗಳೂರಿನ ಕಂಪೆನಿಯಿಂದ ನ್ಯಾಯ ಕೇಳುವ ಬಾಯಿ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆಯೂ ಅದನ್ನೇ ಹೇಳಬೇಕು.

ಆ ತಂದೆ ಏಳುವಾಗ ಕೇಳಿದರು, "ಹಂಗಾದ್ರ ಸಣ್ಣಾಕಿನ್ನ ಓದಿಸೂದು ಬ್ಯಾಡೇನ್ರೀ?"

ಓದಿಸಲೇಬೇಕು ಅಂದೆವು. ದೊಡ್ಡವಳು ಮುಂದಿನ ಸಂದರ್ಶನಕ್ಕೂ ಹೋಗಲಿ. ಒಬ್ಬ ಕ್ಲೈಂಟ್ ಬೇಡ ಅಂದರೆ ಬಾಗಿಲು ಒಂದು ಮುಚ್ಚಿತು ಅಷ್ಟೇ. ರಿಝ್ಕ್ ಕೊಡುವವನು ಕ್ಲೈಂಟ್ ಅಲ್ಲ, ಅಲ್ಲಾಹು.