ಕಲ್ಲು ಪುಡಿಯಾದ ಜಾಗದಲ್ಲೇ ನೀರು

ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಬೋರ್‌ವೆಲ್ ಲಾರಿ ನಿಂತಿದ್ದರೆ ಒಂದು ನಿಮಿಷ ನೋಡಿ. ಮೊದಲು ಬರೋದು ಕೆಂಪು ಮಣ್ಣು. ಆಮೇಲೆ ಕೈಯಲ್ಲಿ ಹಿಸುಕಿದರೆ ಉದುರುವ ಗರಸು. ಕೊನೆಗೆ ಬೂದು ಬಣ್ಣದ ಕಲ್ಲಿನ ಪುಡಿ ಹಾರುತ್ತೆ. ಮೇಲಿನ ಸಡಿಲ ಪದರ ಕುಸಿಯದಿರಲಿ ಅಂತ ಕೇಸಿಂಗ್ ಪೈಪ್ ಇಳಿಸ್ತಾರೆ. ಗಟ್ಟಿ ಕಲ್ಲು ಸಿಕ್ಕ ಕಡೆ ಅದು ನಿಲ್ಲುತ್ತೆ. ಅಂದರೆ ಬೋರ್‌ವೆಲ್ ಬಿಲ್‌ನಲ್ಲಿ ‘ಕೇಸಿಂಗ್ ಇಷ್ಟು ಅಡಿ’ ಅಂತಿರೋ ಸಾಲು, ನಿಮ್ಮ ಸೈಟಿನ ಕೆಳಗೆ ಕಲ್ಲು ಎಷ್ಟು ಆಳದವರೆಗೆ ಶಿಥಿಲವಾಗಿದೆ ಅನ್ನೋದರ ಲೆಕ್ಕ.

ಗಟ್ಟಿ ಕಲ್ಲು ಮಣ್ಣಾಗೋದು ಹೇಗೆ?

ಬೆಂಗಳೂರಿನ ಅಡಿಯಲ್ಲಿರೋದು ಬಹುಪಾಲು ನೈಸ್ ಶಿಲೆ. ಲಾಲ್‌ಬಾಗ್‌ನ ಬಂಡೆಯೂ ಅದೇ. ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ರೂಪುಗೊಂಡ ಈ ಕಲ್ಲಿನ ಮೇಲಿದ್ದ ಭಾರ ಸವೆದು ಹೋದಂತೆ, ಅದು ಹಿಗ್ಗಿ ಬಿರುಕು ಬಿಡುತ್ತೆ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತೆ.

ಚಳಿ ದೇಶಗಳಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಬಂಡೆಯನ್ನು ಸೀಳುತ್ತೆ. ನಮ್ಮಲ್ಲಿ ಮಂಜುಗಡ್ಡೆ ಇಲ್ಲ. ಇಲ್ಲಿ ಕೆಲಸ ಮಾಡೋದು ಮಳೆ, ಬಿಸಿಲು, ಅಶ್ವತ್ಥದಂಥ ಮರಗಳ ಬೇರು. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೀರಾ ಸೌಮ್ಯವಾದ ಆಮ್ಲವಾಗುತ್ತೆ. ಅದು ಕಲ್ಲಿನಲ್ಲಿರೋ ಫೆಲ್ಡ್‌ಸ್ಪಾರ್ ಖನಿಜವನ್ನು ನಿಧಾನಕ್ಕೆ ಜೇಡಿಯಾಗಿಸುತ್ತೆ. ಕಪ್ಪು ಅಭ್ರಕದಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತೆ. ಸುಲಭಕ್ಕೆ ಬಗ್ಗದ ಕ್ವಾರ್ಟ್ಜ್ ಮಾತ್ರ ಮರಳಾಗಿ ಉಳಿಯುತ್ತೆ.

ನಂದಿ ಬೆಟ್ಟಕ್ಕೆ ಬೈಕ್‌ನಲ್ಲಿ ಹೋಗೋವಾಗ ಗುಂಡು ಗುಂಡಾದ ಬಂಡೆಗಳು ಕಾಣುತ್ತವಲ್ಲ, ಅದರ ಗುಟ್ಟೂ ಇದೇ. ಬಂಡೆಯ ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆಗಳೇ ಮೊದಲು ಸವೆಯೋದು.

ನೀರು ನಿಲ್ಲೋದು ಎಲ್ಲಿ?

ಗಟ್ಟಿ ನೈಸ್‌ನೊಳಗೆ ನೀರು ನಿಲ್ಲೋಕೆ ಬಿರುಕುಗಳಷ್ಟೇ ಜಾಗ. ಆದರೆ ಅದರ ಮೇಲಿನ ಶಿಥಿಲ ಪದರದಲ್ಲಿ ಕಣ ಕಣದ ಮಧ್ಯೆ ಸಂದು ಇರುತ್ತೆ. ಸ್ಪಂಜಿನ ಹಾಗೆ ಮಳೆಯನ್ನು ಹಿಡಿದಿಟ್ಟು, ನಿಧಾನವಾಗಿ ಕೆಳಗಿನ ಬಿರುಕುಗಳಿಗೆ ಬಿಡುತ್ತೆ. ನಮ್ಮ ಹಿರಿಯರ ತೆರೆದ ಬಾವಿಗಳಿಗೆ ನೀರು ಬರ್ತಿದ್ದದ್ದು ಮುಖ್ಯವಾಗಿ ಈ ಪದರದಿಂದ.

ಈಗ ನಾವು ಏನು ಮಾಡ್ತಿದ್ದೀವಿ? ಬೇಸ್‌ಮೆಂಟ್‌ಗೆ ಅಂತ ಈ ಪದರವನ್ನೇ ಅಗೆದು ಟಿಪ್ಪರ್‌ನಲ್ಲಿ ಸಾಗಿಸ್ತೀವಿ. ಉಳಿದ ಜಾಗಕ್ಕೆ ಕಾಂಕ್ರೀಟ್ ಹಾಕ್ತೀವಿ. ಆಮೇಲೆ ಸಾವಿರ ಅಡಿ ಕೊರೆದು ಬಿರುಕುಗಳಲ್ಲಿ ನೀರು ಹುಡುಕ್ತೀವಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದರ ಬಿಸಿ ಗೊತ್ತು. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದು ನಿಜ. ಆದರೆ ಮಳೆ ಬಂದರೂ ಇಂಗೋಕೆ ದಾರಿ ಬೇಕಲ್ಲ?

ನಾವೇನು ಮಾಡಬಹುದು?

ದಾರಿ ಅಂದರೆ ಇಂಗುಬಾವಿ. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಅಗಲ, ಇಪ್ಪತ್ತು-ಮೂವತ್ತು ಅಡಿ ಆಳ. ಚಾವಣಿಯ ನೀರನ್ನು ಸೋಸಿ ಒಳಗೆ ಬಿಡೋದು. ಬಯೋಮ್ ಎನ್ವಿರಾನ್‌ಮೆಂಟಲ್ ಟ್ರಸ್ಟ್ ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳ ಗುರಿಯಿಟ್ಟು ಅಭಿಯಾನ ನಡೆಸ್ತಿದೆ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರೇ ಇದರ ನಿಜವಾದ ತಜ್ಞರು.

ಒಂದು ಎಚ್ಚರಿಕೆ: ಐದಡಿಗೇ ಗಟ್ಟಿ ಬಂಡೆ ಸಿಕ್ಕರೆ ಇಂಗುಬಾವಿಯಿಂದ ಹೆಚ್ಚು ಪ್ರಯೋಜನ ಇಲ್ಲ. ಅದಕ್ಕೇ ಮುಂದಿನ ಅಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ಟ್ಯಾಂಕರ್ ರೇಟಿನ ಜತೆ ಇನ್ನೊಂದು ಪ್ರಶ್ನೆ ಕೇಳಿ: ‘ನಮ್ಮ ಬೋರ್‌ವೆಲ್‌ಗೆ ಕೇಸಿಂಗ್ ಎಷ್ಟು ಅಡಿ ಇಳಿದಿದೆ?’