ನನ್ನ ಲಾಸ್ಟ್ ನೇಮ್ ತೂಬಗೆರೆ

‘ಡಿಯರ್ ಟಿ.ಎನ್.’ ಎಂದು ಶುರುವಾಗುವ ಮೇಲ್‌ಗಳು ನನಗೆ ಬರತೊಡಗಿದ್ದು ಬಿ.ಕಾಂ. ಮುಗಿದ ವರ್ಷ. ಮೊದಲ ಸಲ ನೋಡಿದಾಗ ಯಾರೋ ದೊಡ್ಡ ಅಧಿಕಾರಿಗೆ ಹೋಗಬೇಕಾದದ್ದು ತಪ್ಪಿ ನನಗೆ ಬಂದಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಟಿ.ಎನ್. ನಾನೇ. ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯುವಾಗ ಫಸ್ಟ್ ನೇಮ್ ಜಾಗದಲ್ಲಿ ಲಕ್ಷ್ಮಿ ಎಂದು ತುಂಬಿದ್ದೆ. ಲಾಸ್ಟ್ ನೇಮ್ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಲಾಸ್ಟ್ ನೇಮ್ ಇಲ್ಲ, ಇರುವುದು ಇನಿಷಿಯಲ್ಲು. ಅದನ್ನೇ ಹಾಕಿದೆ. ಟಿ ಅಂದರೆ ತೂಬಗೆರೆ, ಎನ್ ಅಂದರೆ ಅಪ್ಪ.

ನಮ್ಮ ಕಡೆ ಇದರಲ್ಲಿ ವಿಚಿತ್ರವೇನಿಲ್ಲ. ಡಿ.ವಿ.ಜಿ. ಅವರ ಡಿ ಅಂದರೆ ನಮ್ಮ ಪಕ್ಕದ ತಾಲ್ಲೂಕು ದೇವನಹಳ್ಳಿ, ವಿ ಅಂದರೆ ತಂದೆ ವೆಂಕಟರಮಣಯ್ಯ. ಕೆ.ವಿ. ಪುಟ್ಟಪ್ಪನವರ ಕೆ ಕುಪ್ಪಳಿ. ಎಚ್.ಡಿ. ದೇವೇಗೌಡರ ಎಚ್ ಹರದನಹಳ್ಳಿ. ಊರು ಮೊದಲು, ಅಪ್ಪ ಆಮೇಲೆ, ಕೊನೆಗೆ ನಾವು. ಆದರೆ 2003ರಲ್ಲಿ ಅಮೆರಿಕದಲ್ಲಿ ಶುರುವಾದ ಲಿಂಕ್ಡ್‌ಇನ್‌ಗೆ ಈ ಲೆಕ್ಕ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಮನೆತನದ ಹೆಸರು.

ಬರೀ ತಮಾಷೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ದೊಡ್ಡಬಳ್ಳಾಪುರದಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ಎದುರಿಗೆ ಕೂತಿದ್ದ ಮೇಡಂ, ‘ನಿಮ್ಮ ಪ್ರೊಫೈಲ್ ಹುಡುಕಿದೆ, ಸಿಗಲಿಲ್ಲ. ಇದೆಯಾ?’ ಎಂದು ಕೇಳಿದರು. ಇದೆ ಎಂದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನನ್ನ ಹೆಸರನ್ನು ನಾನೇ ಹುಡುಕಿದೆ. ಲಕ್ಷ್ಮಿ ಎನ್., ಲಕ್ಷ್ಮಿ ಟಿ., ಲಕ್ಷ್ಮಿ ಟಿ.ಎನ್. ಹೈದರಾಬಾದಿನಲ್ಲೊಬ್ಬಳು, ಚೆನ್ನೈಯಲ್ಲೊಬ್ಬಳು, ದುಬೈಯಲ್ಲೊಬ್ಬಳು. ಬೆರಳು ನೋಯುವವರೆಗೂ ಲಕ್ಷ್ಮಿಯರು ಬರುತ್ತಲೇ ಇದ್ದರು, ನಾನು ಬರಲಿಲ್ಲ.

ಗೂಗಲ್‌ನಲ್ಲಿ ಹೆಸರಿನ ಜೊತೆಗೆ ಕಾಲೇಜಿನ ಹೆಸರನ್ನೂ ಹಾಕಿದಾಗ ಕೊನೆಗೂ ಸಿಕ್ಕಿದೆ. ಹೇಗೆ ಸಿಕ್ಕಿದೆ ಅಂತ ಹೇಳಲು ಈಗಲೂ ನಾಚಿಕೆ. ಪಿಯುಸಿಯಲ್ಲಿದ್ದಾಗ ತೆರೆದ ಫೇಸ್‌ಬುಕ್ ಖಾತೆ, ‘ಏಂಜಲ್ ಲಕ್ಷ್ಮಿ’. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ತೆಗೆದ ಫೋಟೊಗೆ ನಾಯಿ ಕಿವಿ ಅಂಟಿಸಿದ್ದೆ. ಕೆಳಗೆ, ‘ನನ್ನ ಆಟಿಟ್ಯೂಡ್ ತಡೆಯೋಕಾಗದಿದ್ರೆ ದೂರ ಇರಿ’ ಎಂಬ ಘೋಷಣೆ. ಆ ಮೇಡಂ ಇದನ್ನು ನೋಡಿಯೇ ನಕ್ಕಿದ್ದರೋ ಏನೋ. ಆ ಕೆಲಸ ನನಗೆ ಸಿಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳಲಾರೆ.

ಆ ರಾತ್ರಿಯೇ ಲಿಂಕ್ಡ್‌ಇನ್‌ನಲ್ಲಿ ಲಾಸ್ಟ್ ನೇಮ್ ಬದಲಿಸಿದೆ. ಲಕ್ಷ್ಮಿ ತೂಬಗೆರೆ. ರಹಮತ್ ತರೀಕೆರೆ ಅವರು ಊರನ್ನು ಹೆಸರಿನ ಹಿಂದೆ ಇಟ್ಟುಕೊಂಡಿದ್ದಾರೆ, ಬರಗೂರು ರಾಮಚಂದ್ರಪ್ಪನವರು ಮುಂದೆ. ನಾನು ಮಾಡಿದರೆ ತಪ್ಪೇನು? ಗೆಳತಿ ಮಾತ್ರ ಒಪ್ಪಲಿಲ್ಲ. ‘ಹಳ್ಳಿ ಹೆಸರು ಹಾಕ್ಕೊಂಡ್ರೆ ಯಾರು ಕರೀತಾರೆ ಕಣೇ? ಬೆಂಗಳೂರು ಅಂತ ಹಾಕು’ ಎಂದಳು. ಕೆಲಸ ಮಾಡುವ ಜಾಗದ ವಿಷಯದಲ್ಲಿ ಅವಳ ಮಾತಿನಲ್ಲಿ ಹುರುಳಿದೆ. ಕಂಪನಿಯವರು ಊರಿನ ಹೆಸರು ಹಾಕಿ ಅಭ್ಯರ್ಥಿಗಳನ್ನು ಸೋಸುತ್ತಾರೆ, ಸಣ್ಣ ಊರು ಆ ಜರಡಿಯಲ್ಲಿ ಉದುರಿ ಹೋಗುತ್ತದೆ. ಹಾಗಾಗಿ ಸ್ಥಳ ಎಂಬಲ್ಲಿ ದೊಡ್ಡಬಳ್ಳಾಪುರ ಎಂದು ಹಾಕಿದೆ. (ಜಿಲ್ಲೆಯ ಹೆಸರು ಕೇಳಬೇಡಿ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಮಾಡಲು ತೀರ್ಮಾನಿಸಿತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಗ್ರಾಮಾಂತರವೇ.) ಸ್ಥಳ ಏನೇ ಇರಲಿ, ನನ್ನ ಹೆಸರಿನ ಹಿಂದೆ ತೂಬಗೆರೆ ಇರುವುದರಿಂದ ಹುಡುಕಿದವರಿಗೆ ಸಿಗುವವಳು ನಾನೊಬ್ಬಳೇ.

ಅಲ್ಲೂ ಒಂದು ತೊಡಕು. ತೂಬಗೆರೆಯನ್ನು ಇಂಗ್ಲಿಷ್‌ನಲ್ಲಿ ಹೇಗೆ ಬರೆಯುವುದು? ಕನ್ನಡದಲ್ಲೇ ತೂಬಗೆರೆ, ತೂಬುಗೆರೆ ಎರಡೂ ಇವೆ. ಇಂಗ್ಲಿಷ್‌ನಲ್ಲಿ ಒಬ್ಬರು ಯು ಹಾಕಿದರೆ ಇನ್ನೊಬ್ಬರು ಎರಡು ಓ, ಮತ್ತೊಬ್ಬರು ಟಿ ಪಕ್ಕ ಎಚ್ ಸೇರಿಸುತ್ತಾರೆ. ನಮ್ಮೂರ ಹಲಸಿಗೂ ಇದೇ ಗತಿ. ಇಲ್ಲಿನ ಕೆಂಪು ತೊಳೆಯ ಹಲಸಿಗೆ ಒಳ್ಳೆಯ ಹೆಸರಿದೆ, ಬೆಳೆಗಾರರ ಸಂಘವಿದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಬೆಂಬಲವೂ ಇದೆ. ಆದರೆ ಅದರ ಬಗ್ಗೆ ಓದಬೇಕೆಂದರೆ ಮೂರ್ನಾಲ್ಕು ಸ್ಪೆಲ್ಲಿಂಗ್ ಹಾಕಿ ಹುಡುಕಬೇಕು. ಹಣ್ಣಿಗೆ ಹೇಗೋ ನಡೆಯುತ್ತದೆ, ಅದಕ್ಕೆ ವಾಸನೆಯಿದೆ. ನಾನು ಒಂದು ಸ್ಪೆಲ್ಲಿಂಗ್ ಆರಿಸಿಕೊಂಡು ಮೇಲ್ ಐಡಿ, ಲಿಂಕ್ಡ್‌ಇನ್ ವಿಳಾಸ, ರೆಸ್ಯೂಮೆ ಫೈಲಿನ ಹೆಸರು, ಎಲ್ಲಕ್ಕೂ ಅದನ್ನೇ ಹಾಕಿದೆ. ಪ್ರೊಫೈಲ್‌ನಲ್ಲಿ ಹೆಸರನ್ನು ನಮ್ಮದೇ ದನಿಯಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಇಡುವ ಸೌಲಭ್ಯವೂ ಇದೆ. ‘ಟುಬಗಿರಿ’ ಎನ್ನುವವರಿಗಾಗಿ ಅದನ್ನೂ ಮಾಡಿಟ್ಟೆ.

ಆಮೇಲೆ ಪ್ರೊಫೈಲ್ ತುಂಬುವ ಕಷ್ಟ. ಅನುಭವ ಎಂಬ ಜಾಗ ಖಾಲಿ. ಎಲ್ಲರಂತೆ ‘ಹಾರ್ಡ್‌ವರ್ಕಿಂಗ್, ಪ್ಯಾಶನೇಟ್, ಟೀಮ್ ಪ್ಲೇಯರ್’ ಎಂದು ಬರೆದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ. ನನಗೆ ನಿಜವಾಗಿ ಬರುವ ಕೆಲಸ ಲೆಕ್ಕ ಬರೆಯುವುದು. ನಮ್ಮ ತೋಟದಲ್ಲಿ ಹನ್ನೊಂದು ಹಲಸಿನ ಮರಗಳಿವೆ. ವ್ಯಾಪಾರಿಗಳು ಬಂದು ಮರವನ್ನೇ ಒಟ್ಟಾಗಿ ಮಾತಾಡಿ ಹಣ ಕೊಟ್ಟು ಹೋಗುತ್ತಾರೆ. ಒಂದು ವರ್ಷ ಅಪ್ಪನ ಕೈಲಿ ಜಗಳವಾಡಿ ನಾಲ್ಕು ಮರ ಉಳಿಸಿಕೊಂಡು ಘಾಟಿ ರಸ್ತೆಯಲ್ಲಿ ಬಿಡಿಯಾಗಿ ಮಾರಿದ್ದೆವು. ಯಾವ ಮರದಲ್ಲಿ ಎಷ್ಟು ಹಣ್ಣು, ಎಷ್ಟು ಕೊಳೆತವು, ಆಟೊ ಬಾಡಿಗೆ ಎಷ್ಟು, ಅಮ್ಮನ ಕೂಲಿ ಎಷ್ಟು (ಅದನ್ನು ಯಾರೂ ಹಿಡಿಯುವುದಿಲ್ಲ, ನಾನು ಹಿಡಿದೆ), ಎಲ್ಲ ನೋಟ್ ಪುಸ್ತಕದಲ್ಲಿತ್ತು. ಅದನ್ನು ಎಕ್ಸೆಲ್‌ಗೆ ಹಾಕಿ, ಎರಡೂ ಬಗೆಯ ಮಾರಾಟವನ್ನು ಅಕ್ಕಪಕ್ಕ ಇಟ್ಟು ಒಂದು ಪುಟದಲ್ಲಿ ಬರೆದೆ. ಅಮ್ಮನ ಕೂಲಿ ಸೇರಿಸಿದರೆ ಬಿಡಿ ಮಾರಾಟದ ಲಾಭ ನಾವು ಅಂದುಕೊಂಡಿದ್ದರ ಅರ್ಧಕ್ಕೂ ಇಳಿಯುತ್ತಿತ್ತು. ಅದನ್ನೂ ಮುಚ್ಚಿಡದೆ ಬರೆದೆ. ನೋಟ್ ಪುಸ್ತಕದ ಫೋಟೊ ಸಮೇತ ಲಿಂಕ್ಡ್‌ಇನ್‌ನಲ್ಲಿ ಹಾಕಿದಾಗ ಬಂದದ್ದು ಒಂಬತ್ತು ಲೈಕು. ಅದರಲ್ಲಿ ನಾಲ್ಕು ನಮ್ಮ ಕ್ಲಾಸಿನವರದೇ.

ಆದರೆ ಮುಂದಿನ ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ನಡೆದದ್ದು ಆ ಒಂದು ಪುಟದ ಮೇಲೆಯೇ. ಅದು ಗಾರ್ಮೆಂಟ್ಸ್ ಕಾರ್ಖಾನೆಯ ಅಕೌಂಟ್ಸ್ ವಿಭಾಗ. ಕೊಳೆತ ಹಣ್ಣನ್ನು ಯಾವ ಖಾತೆಗೆ ಹಾಕಿದೆ, ಯಾಕೆ ಎಂದು ಕೇಳಿದರು. ಕೊನೆಗೆ ಒಬ್ಬರು, ‘ಹಣ್ಣು ಇನ್ನೂ ಇದೆಯೇನಮ್ಮ?’ ಎಂದರು.

ಕೆಲಸ ಸಿಕ್ಕಿತು, ಅಂದರೆ ಸಿಕ್ಕಂತೆ ಆಯಿತು. ದಾಖಲೆ ಕೊಡಿ ಎಂದಾಗ ಬುಡಕ್ಕೇ ಬಂತು. ಅಂಕಪಟ್ಟಿಯಲ್ಲಿ ಲಕ್ಷ್ಮಿ ಟಿ.ಎನ್. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲದ ಲಕ್ಷ್ಮಿ, ಅದೂ ಕೆ.ಎಸ್.ಎಚ್. ಬದಲು ಎಕ್ಸ್ ಹಾಕಿದ ಲಕ್ಷ್ಮಿ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಅಪ್ಪನ ಪೂರ್ತಿ ಹೆಸರಿದೆ, ಊರಿಲ್ಲ. ಆಫರ್ ಪತ್ರ ಬಂದದ್ದು ಲಕ್ಷ್ಮಿ ತೂಬಗೆರೆ ಹೆಸರಿಗೆ. ನಾಲ್ಕು ಕಾಗದ, ನಾಲ್ಕು ಹುಡುಗಿಯರು. ಪಿ.ಎಫ್.ನ ಯುಎಎನ್‌ಗೆ ಆಧಾರ್ ಜೋಡಿಸಬೇಕಾದರೆ ಹೆಸರು, ಹುಟ್ಟಿದ ದಿನ ಎರಡೂ ತಾಳೆಯಾಗಬೇಕು. ‘ಸರಿಮಾಡಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಸೇರಿಸಿಕೊಳ್ಳಲು ಆಗಲ್ಲ’ ಎಂದರು. ಜಾಗ ಎಷ್ಟು ದಿನ ಕಾದಿಡುತ್ತೀರಿ ಎಂದು ಕೇಳುವ ಧೈರ್ಯ ಆಗಲಿಲ್ಲ.

ಇಪ್ಪತ್ಮೂರು ದಿನ ಓಡಾಡಿದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ ಎಂದು ಆಗಲೇ ತಿಳಿದದ್ದು. ಹಾಗಾಗಿ ಅರ್ಜಿ ತುಂಬುವಾಗ ಕೈ ನಡುಗಿತು. ಅಂಕಪಟ್ಟಿಯನ್ನೇ ಮೂಲ ಮಾಡಿಕೊಂಡು ಆಧಾರ್, ಅದರ ಹಿಂದೆ ಪ್ಯಾನ್ ತಿದ್ದಿಸಿದೆ. ನಡುವೆ, ಈ ಎಲ್ಲ ಹೆಸರೂ ಒಬ್ಬಳದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ಟೈಪ್ ಮಾಡುವವರು, ‘ನಿಮ್ಮೂರಿನವರು ವಾರಕ್ಕೊಬ್ಬರು ಇದಕ್ಕೇ ಬರ್ತಾರೆ ಬಿಡಮ್ಮ’ ಎಂದರು. ಬಸ್ಸಲ್ಲಿ ಅಪ್ಪ ಕೇಳಿದರು, ‘ನೀನು ನೀನೇ ಅಂತ ಹೇಳಕ್ಕೆ ಇಷ್ಟು ದುಡ್ಡಾ?’

ಈಗ ನನ್ನ ಹತ್ತಿರ ಎರಡು ಹೆಸರಿವೆ. ರೆಸ್ಯೂಮೆಯ ತಲೆಯ ಮೇಲೆ ಅಂಕಪಟ್ಟಿಯ ಹೆಸರು, ಅಕ್ಷರ ಹೆಚ್ಚುಕಮ್ಮಿ ಇಲ್ಲದೆ. ಅರ್ಜಿ ತುಂಬುವಾಗಲೂ ಅದೇ. ಪ್ರೊಫೈಲ್‌ನಲ್ಲಿ ಲಕ್ಷ್ಮಿ ತೂಬಗೆರೆ, ಅದರ ಹೆಚ್ಚುವರಿ ಹೆಸರಿನ ಜಾಗದಲ್ಲಿ ಟಿ.ಎನ್. ಒಂದು ಹುಡುಕುವವರಿಗೆ ಸಿಗುವ ಹೆಸರು, ಇನ್ನೊಂದು ಕೇಳಿದವರ ಮುಂದೆ ಸಾಬೀತಾಗುವ ಹೆಸರು. ಮೊದಲನೆಯದನ್ನು ಒಂದೇ ರಾತ್ರಿಯಲ್ಲಿ ಕಟ್ಟಬಹುದು. ಎರಡನೆಯದಕ್ಕೆ ಡಿಗ್ರಿಯ ಕೊನೆಯ ವರ್ಷದಲ್ಲೇ ಕೈಹಾಕಿದ್ದರೆ ಆ ಇಪ್ಪತ್ಮೂರು ದಿನ ಉಳಿಯುತ್ತಿತ್ತು. ನೀವು ಇನ್ನೂ ಕಾಲೇಜಿನಲ್ಲಿದ್ದರೆ ಇವತ್ತು ಸಂಜೆ ಡಿಜಿಲಾಕರ್ ತೆರೆದು ನಿಮ್ಮ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸುಲಭವಾಗಿ ಸಿಗಬೇಕು ಎಂಬ ಹುಮ್ಮಸ್ಸಿನಲ್ಲಿ ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ ಎಲ್ಲ ಇದ್ದ ರೆಸ್ಯೂಮೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದೆ. ವಾರದೊಳಗೆ ಕರೆ ಬಂತು. ವಿಮಾನ ನಿಲ್ದಾಣದಲ್ಲಿ ಕೆಲಸ, ನನ್ನ ಹೆಸರು, ಕಾಲೇಜು, ಪರ್ಸೆಂಟೇಜು ಎಲ್ಲ ಅವರೇ ಹೇಳಿದರು, ‘ನೋಂದಣಿಗೆ 1,850 ರೂಪಾಯಿ ಕಳಿಸಿ’. ನಮಗೆ ದೇವನಹಳ್ಳಿ ನಿಲ್ದಾಣ ಹತ್ತಿರ, ನಂಬುವುದು ಸುಲಭ. ಫೋನ್‌ಪೇ ತೆರೆದಾಗಿತ್ತು. ಅಣ್ಣ ಪಕ್ಕದಲ್ಲಿಲ್ಲದಿದ್ದರೆ ಕಳಿಸಿಬಿಡುತ್ತಿದ್ದೆ. ಕೆಲಸ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಕಳಿಸಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈಗ ನನ್ನ ರೆಸ್ಯೂಮೆಯಲ್ಲಿ ಊರು, ಮೇಲ್ ಐಡಿ ಅಷ್ಟೇ. ನಂಬರನ್ನು ಕೇಳಿದವರಿಗೆ ಮಾತ್ರ ಕೊಡುತ್ತೇನೆ.

ಉಳಿದಿರುವುದು ಏಂಜಲ್ ಲಕ್ಷ್ಮಿ. ಆ ಖಾತೆಗೆ ಕೊಟ್ಟಿದ್ದ ನಂಬರ್ ಮಾವನದು. ಆ ಸಿಮ್ ಎಂದೋ ಬಂದ್ ಆಗಿದೆ, ಪಾಸ್‌ವರ್ಡ್ ಮರೆತಿದೆ, ಅಳಿಸಲು ಆಗುತ್ತಿಲ್ಲ. ಫೇಸ್‌ಬುಕ್‌ಗೆ ಮೂರು ಸಲ ದೂರು ಕೊಟ್ಟಾಯಿತು. ನನ್ನ ಹೆಸರಿನ ಜೊತೆ ಕಾಲೇಜು ಸೇರಿಸಿ ಹುಡುಕಿದರೆ ಹಲಸಿನ ಲೆಕ್ಕ ಮೊದಲು ಬರುತ್ತದೆ. ಅದರ ಕೆಳಗೇ ನಾಯಿ ಕಿವಿ ಹಾಕಿಕೊಂಡು ಅವಳು ನಿಂತಿರುತ್ತಾಳೆ.